ಅಂಕಪಟ್ಟಿಗೆ ಸಹಿ ಹಾಕುವ ಮುನ್ನ: ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ಪುನರುತ್ಥಾನಗೊಂಡ ಕರ್ತನಾದ ಯೇಸುವಿನ ಹೆಸರಿನಲ್ಲಿ ನಿಮ್ಮೆಲ್ಲರಿಗೂ ವಂದನೆಗಳು.

ಈಸ್ಟರ್ ಮುಗಿದು ಮಕ್ಕಳು ತರಗತಿಗೆ ಮರಳಿ ಒಂದು ವಾರವಾಯಿತು. ಈ ಶುಕ್ರವಾರ ಅಂಕಪಟ್ಟಿ ಮನೆಗೆ ಬರುತ್ತದೆ. ಸಾಮಾನ್ಯವಾಗಿ ಅದರ ಜೊತೆಗೆ ಎರಡು ಸಾಲಿನ ಸೂಚನೆ ಕಳಿಸುತ್ತೇನೆ: ನೋಡಿ, ಸಹಿ ಹಾಕಿ, ಸೋಮವಾರ ಹಿಂದಿರುಗಿಸಿ. ಈ ಸಲ ಅಷ್ಟು ಬರೆದು ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಕಳೆದ ಅವಧಿಯಲ್ಲಿ ನನ್ನಿಂದ ಒಂದು ತಪ್ಪಾಯಿತು. ಅದನ್ನು ಹೇಳದೆ, ಶಿಲುಬೆಯ ಬಗ್ಗೆ ನಿಮ್ಮ ಮಕ್ಕಳಿಗೆ ಪಾಠ ಹೇಳುವ ಹಕ್ಕು ನನಗಿಲ್ಲ ಅನ್ನಿಸಿದೆ.

ಒಬ್ಬ ಹುಡುಗ ತನ್ನ ಅಂಕಪಟ್ಟಿಗೆ ತಂದೆಯ ಸಹಿಯನ್ನು ತಾನೇ ಹಾಕಿಕೊಂಡು ಬಂದಿದ್ದ. ತರಗತಿಯ ಶಿಕ್ಷಕಿಗೆ ಅನುಮಾನ ಬಂತು, ವಿಷಯ ನನ್ನ ಮೇಜಿಗೆ ಬಂತು. ಮರುದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಅವನನ್ನು ಮುಂದೆ ಕರೆದು, ಅವನು ಮಾಡಿದ್ದನ್ನು ಎಲ್ಲರೆದುರು ಹೇಳಿದೆ. ಉಳಿದವರಿಗೂ ಬುದ್ಧಿ ಬರಲಿ ಎಂದುಕೊಂಡಿದ್ದೆ. ಅವನು ಅಳಲಿಲ್ಲ, ಒಂದು ಮಾತೂ ಆಡಲಿಲ್ಲ. ತನ್ನ ಶೂಗಳನ್ನೇ ನೋಡುತ್ತ ನಿಂತಿದ್ದ. ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ನಮ್ಮ ಶಾಲೆಯ ಮರದ ಶಿಲುಬೆ ಇದೆ. ಅದರ ಕೆಳಗೇ ಅವನನ್ನು ನಿಲ್ಲಿಸಿದ್ದೆ ಎನ್ನುವುದು ಆಗ ನನ್ನ ಗಮನಕ್ಕೂ ಬರಲಿಲ್ಲ.

ಗಮನಕ್ಕೆ ಬಂದದ್ದು ಶುಭ ಶುಕ್ರವಾರದ ದಿನ, ಯೋಹಾನನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯವನ್ನು ಓದುವಾಗ. ಶಿಲುಬೆಯಲ್ಲಿದ್ದ ಯೇಸುವಿನ ತಲೆಯ ಮೇಲೆ ರೋಮನ್ ಅಧಿಪತಿ ಪಿಲಾತ, ಆತನ ಮೇಲಿನ ಆರೋಪ ಬರೆದ ಒಂದು ಹಲಗೆ ಹಾಕಿಸಿದ. ಅದನ್ನು ಇಬ್ರಿಯ, ಲ್ಯಾಟಿನ್, ಗ್ರೀಕ್ ಮೂರೂ ಭಾಷೆಗಳಲ್ಲಿ ಬರೆಯಲಾಗಿತ್ತು. ಆ ಸ್ಥಳ ಊರಿಗೆ ಹತ್ತಿರವಿದ್ದುದರಿಂದ ಬಹಳ ಜನ ಓದಿದರು ಎನ್ನುತ್ತಾನೆ ಯೋಹಾನ. ಓದುತ್ತಿದ್ದ ನನ್ನ ದನಿ ಅಲ್ಲಿಗೆ ನಿಂತುಬಿಟ್ಟಿತು. ಶಿಲುಬೆಯ ಶಿಕ್ಷೆ ಇದ್ದದ್ದೇ ಹಾಗೆ. ಕೊಲ್ಲುವುದಷ್ಟೇ ಆದರೆ ರೋಮನ್ನರಿಗೆ ಕತ್ತಿ ಸಾಕಿತ್ತು. ಶಿಲುಬೆಯನ್ನು ಹೆಚ್ಚಾಗಿ ಗುಲಾಮರಿಗೂ ದಂಗೆ ಎದ್ದವರಿಗೂ ಮೀಸಲಿಟ್ಟಿದ್ದರು. ರೋಮನ್ ಪೌರರನ್ನು ಸಾಮಾನ್ಯವಾಗಿ ಹಾಗೆ ಕೊಲ್ಲುತ್ತಿರಲಿಲ್ಲ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್ ಎಂಬ ಗುಲಾಮನ ಬಂಡಾಯ ಮುರಿದುಬಿದ್ದಾಗ ಸೆರೆಸಿಕ್ಕ ಸುಮಾರು 6,000 ಗುಲಾಮರನ್ನು ಕಾಪುವಾದಿಂದ ರೋಮಿನವರೆಗಿನ ಹೆದ್ದಾರಿಯ ಉದ್ದಕ್ಕೂ ಶಿಲುಬೆಗೇರಿಸಿದ್ದರು. ನಡೆದುಹೋಗುವವರೆಲ್ಲ ನೋಡಬೇಕು, ನೋಡಿ ಬುದ್ಧಿ ಕಲಿಯಬೇಕು. ಉಳಿದವರಿಗೂ ಬುದ್ಧಿ ಬರಲಿ ಎಂಬ ನನ್ನ ಮಾತಿನ ಬೇರು ಎಲ್ಲಿದೆ ಎಂದು ಆ ದಿನ ತಿಳಿಯಿತು.

ಇಷ್ಟು ವರ್ಷ ಮಕ್ಕಳಿಗೆ ನಾನು ಹೇಳಿಕೊಟ್ಟದ್ದು, ಯೇಸು ನಮ್ಮ ಪಾಪಗಳಿಗಾಗಿ ಸತ್ತನು ಎಂದು. ಅದು ಸತ್ಯ, ಅದರ ಮೇಲೆಯೇ ನನ್ನ ಬದುಕು ನಿಂತಿದೆ. ಆದರೆ ಆತನು ಸತ್ತದ್ದು ಎಲ್ಲಿ ನಿಂತು ಎಂಬುದನ್ನು ನಾನು ಸರಿಯಾಗಿ ನೋಡಿರಲಿಲ್ಲ. ತಪ್ಪು ಮಾಡಿದವರನ್ನು ಎಲ್ಲರೆದುರು ನಿಲ್ಲಿಸುವ ಜಾಗದಲ್ಲಿ, ತಪ್ಪೇ ಮಾಡದ ಆತನು ನಿಂತನು. ಅಕ್ಕಪಕ್ಕದಲ್ಲಿ ಇಬ್ಬರು ಅಪರಾಧಿಗಳಿದ್ದರು. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಒಂದು ಮಾತಿದೆ: ನಮ್ಮ ವಿರುದ್ಧವಾಗಿದ್ದ ಸಾಲದ ಪತ್ರವನ್ನು ದೇವರು ತೆಗೆದು ಶಿಲುಬೆಗೆ ಮೊಳೆ ಹೊಡೆದನು. ಹಾಗಿದ್ದ ಮೇಲೆ ಆ ಪತ್ರವನ್ನು ಮತ್ತೆ ಕಿತ್ತು ತಂದು ಮಗುವಿನ ಕೊರಳಿಗೆ ಕಟ್ಟಲು ನನಗೆ ಅಧಿಕಾರ ಕೊಟ್ಟವರು ಯಾರು?

ಆ ಹುಡುಗನ ಬಳಿ ಕ್ಷಮೆ ಕೇಳಿದ್ದೇನೆ. ಅವನೂ ಅವನ ತಂದೆತಾಯಿಯೂ ಒಪ್ಪಿದ ಮೇಲೆಯೇ ಈ ಪತ್ರ ಬರೆಯುತ್ತಿದ್ದೇನೆ. ಯಾರ ಮಗು ಎಂದು ದಯವಿಟ್ಟು ವಿಚಾರಿಸಬೇಡಿ.

ಹಾಗಾದರೆ ಸುಳ್ಳು ಸಹಿ ತಪ್ಪಲ್ಲವೇ ಎಂದು ನೀವು ಕೇಳಬಹುದು. ತಪ್ಪೇ. ಅದನ್ನು ಅವನ ಎದುರು ಕುಳಿತು ನಾನೇ ಹೇಳಿದೆ. ಏನೂ ಆಗಿಲ್ಲ, ಬಿಡು ಎನ್ನುವುದನ್ನು ಬಹಳ ಮಂದಿ ಕ್ಷಮೆ ಎಂದುಕೊಂಡಿದ್ದಾರೆ. ಏನೂ ಆಗದಿದ್ದರೆ ಶಿಲುಬೆಯ ಅಗತ್ಯವೇ ಇರುತ್ತಿರಲಿಲ್ಲ. ಪಾಪವನ್ನು ಪಾಪವೆಂದೇ ಕರೆದು, ಅದರ ಬೆಲೆಯನ್ನು ತಾನೇ ತೆತ್ತವನ ಕ್ಷಮೆ ಇದು. ಯೋಹಾನನ ಕೊನೆಯ ಅಧ್ಯಾಯದಲ್ಲಿ ಇದು ಹೇಗೆ ನಡೆಯಿತು ಎಂಬುದನ್ನು ನೀವು ಮನೆಯಲ್ಲಿ ಮಕ್ಕಳ ಜೊತೆ ಕೂತು ಓದಬೇಕೆಂದು ನನ್ನ ಆಸೆ.

ಯೇಸುವನ್ನು ಹಿಡಿದ ರಾತ್ರಿ ಆತನ ಶಿಷ್ಯ ಪೇತ್ರನು ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತ, ಯೇಸುವನ್ನು ತಾನು ಅರಿಯೆನೆಂದು ಮೂರು ಸಲ ಹೇಳಿದ್ದ. ಅಲ್ಲಿ ಉರಿಯುತ್ತಿದ್ದದ್ದು ಇದ್ದಲಿನ ಬೆಂಕಿ. ಅದಕ್ಕೆ ಬಳಸಿದ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ಎರಡನೆಯದು ತಿಬೇರಿಯ ಸಮುದ್ರದ, ಅಂದರೆ ಗಲಿಲಾಯ ಸರೋವರದ, ದಡದಲ್ಲಿ. ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದ ಶಿಷ್ಯರು, ಬೆಳಗಾಗುವ ಹೊತ್ತಿಗೆ ಆತನ ಮಾತಿನಂತೆ ಮತ್ತೆ ಬಲೆ ಬೀಸಿ 153 ಮೀನುಗಳನ್ನು ಎಳೆದು ತಂದಾಗ, ಎದ್ದುಬಂದ ಯೇಸು ದಡದಲ್ಲಿ ಕೆಂಡದ ಮೇಲೆ ಮೀನು ಇಟ್ಟು, ರೊಟ್ಟಿ ಇಟ್ಟು, ಬನ್ನಿ ಊಟಮಾಡಿ ಎಂದು ಕರೆದನು. ಆ ಬೆಂಕಿಯ ವಾಸನೆಗೆ ಪೇತ್ರನ ಎದೆ ಹೇಗೆ ಹೊಡೆದುಕೊಂಡಿರಬೇಕು!

ಇಲ್ಲಿ ಕ್ರಮವನ್ನು ಗಮನಿಸಿ. ಊಟ ಮೊದಲು, ಪ್ರಶ್ನೆ ಆಮೇಲೆ. ಹಸಿದ ಹೊಟ್ಟೆಯವನನ್ನು ಕಟಕಟೆಯಲ್ಲಿ ನಿಲ್ಲಿಸಲಿಲ್ಲ. ಊಟವಾದ ಮೇಲೂ ಯಾಕೆ ಹಾಗೆ ಮಾಡಿದೆ ಎಂದು ಕೇಳಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳಿದನು, ಅದೂ ಮೂರು ಸಲ. ಮೂರನೆಯ ಸಲ ಪೇತ್ರನಿಗೆ ದುಃಖವಾಯಿತು ಎಂದು ಬರೆದಿದೆ. ಗಾಯವನ್ನು ಮುಟ್ಟದೆ ಬಿಡಲಿಲ್ಲ, ಮುಟ್ಟಿದಾಗ ನೋವಾಯಿತು. ಪ್ರತಿ ಸಲವೂ ಒಂದು ಕೆಲಸ ಕೊಟ್ಟನು: ನನ್ನ ಕುರಿಗಳನ್ನು ಮೇಯಿಸು. ಇತರರ ನಂಬಿಕೆ ಕಳೆದುಕೊಂಡವನ ಕೈಗೇ ಮತ್ತೆ ಜವಾಬ್ದಾರಿ ಕೊಡುವುದು ನನಗೆ ತಿಳಿದಂತೆ ಪುನರುತ್ಥಾನದ ಅತ್ಯಂತ ದಿನನಿತ್ಯದ ರೂಪ. ನಮ್ಮ ಹುಡುಗನಿಗೆ ಈಗ ತರಗತಿಯ ಹಾಜರಿ ಪುಸ್ತಕವನ್ನು ಕಚೇರಿಗೆ ತಲುಪಿಸುವ ಕೆಲಸ ಕೊಟ್ಟಿದ್ದೇವೆ. ಮೊದಲ ದಿನ ಆ ಪುಸ್ತಕವನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ.

ಪಾಠದ ವೇಳೆ ಚಿಕ್ಕ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಯೇಸು ಸ್ವಾಮಿ ಜೀವ ಪಡೆದು ಎದ್ದ ಮೇಲೆ ಕೈಯಲ್ಲಿದ್ದ ಗಾಯ ಯಾಕೆ ಹೋಗಲಿಲ್ಲ, ಮಿಸ್?" ಸಾವನ್ನೇ ಗೆದ್ದವನಿಗೆ ಮೊಳೆಯ ಗುರುತು ಅಳಿಸುವುದು ಕಷ್ಟವೇ? ಆದರೂ ಎಂಟು ದಿನದ ಮೇಲೆ, ನಂಬದಿದ್ದ ಶಿಷ್ಯ ತೋಮನಿಗೆ ತೋರಿಸಿದ್ದು ಆ ಗಾಯಗಳನ್ನೇ. ನಾನು ಅವಳಿಗೆ ಹೇಳಿದ್ದಿಷ್ಟು: ಆತನು ನಮಗಾಗಿ ಪಟ್ಟ ನೋವನ್ನು ಮರೆಯಲು ಬಯಸಲಿಲ್ಲ, ಮತ್ತು ಆ ಗಾಯ ಈಗ ನೋಯುವುದಿಲ್ಲ. ಅವಳಿಗೆ ಅಷ್ಟು ಸಾಕಾಯಿತು. ನಿಮಗೆ ಇನ್ನೊಂದು ಮಾತು ಸೇರಿಸುತ್ತೇನೆ. ಪುನರುತ್ಥಾನ ಎಂದರೆ ಶಿಲುಬೆಯ ಶುಕ್ರವಾರ ನಡೆಯಲೇ ಇಲ್ಲ ಎಂದು ಅಳಿಸಿಹಾಕುವುದಲ್ಲ. ನಿಮ್ಮ ಮನೆಯಲ್ಲಿ ಆಗಿಹೋದದ್ದನ್ನು, ಆಡಿಬಿಟ್ಟ ಮಾತನ್ನು, ಮುರಿದ ಭರವಸೆಯನ್ನು ಆಗಿಲ್ಲವೆಂದು ನಟಿಸಬೇಕಾಗಿಲ್ಲ. ಗುರುತು ಇರಲಿ. ಅದರ ಮೂಲಕವೇ ಮಕ್ಕಳು ನಿಮ್ಮನ್ನು ನಂಬುತ್ತಾರೆ, ತೋಮನು ನಂಬಿದ ಹಾಗೆ.

ಸಾವಿನ ವಿಷಯದಲ್ಲೂ ಹೀಗೆಯೇ. ಅಜ್ಜಿಯನ್ನು ಕಳೆದುಕೊಂಡ ಮಗುವೊಂದಕ್ಕೆ ಹಿರಿಯರೆಲ್ಲ, ಅಳಬೇಡ, ಅಜ್ಜಿ ಸ್ವರ್ಗದಲ್ಲಿ ಸುಖವಾಗಿದ್ದಾರೆ ಎಂದು ಹೇಳಿದರಂತೆ. ಮಗು ಅಳು ನಿಲ್ಲಿಸಿತು, ಮಾತನ್ನೂ ನಿಲ್ಲಿಸಿತು. ಸತ್ತ ಗೆಳೆಯ ಲಾಜರನನ್ನು ಇನ್ನೇನು ಎಬ್ಬಿಸಲಿದ್ದೇನೆ ಎಂದು ಗೊತ್ತಿದ್ದ ಯೇಸುವೇ ಸಮಾಧಿಗೆ ಹೋಗುವ ದಾರಿಯಲ್ಲಿ ಕಣ್ಣೀರಿಟ್ಟನು. ನಿರೀಕ್ಷೆ ಇಲ್ಲದವರಂತೆ ದುಃಖಪಡಬೇಡಿರಿ ಎಂದು ಯೇಸುವಿನ ಅಪೊಸ್ತಲ ಪೌಲ ಥೆಸಲೋನಿಕದ ವಿಶ್ವಾಸಿಗಳಿಗೆ ಬರೆದ. ದುಃಖಪಡಲೇಬೇಡಿರಿ ಎಂದು ಬರೆಯಲಿಲ್ಲ. ಶುಕ್ರವಾರಕ್ಕೂ ಭಾನುವಾರಕ್ಕೂ ನಡುವೆ ಒಂದು ಇಡೀ ಶನಿವಾರ ಇತ್ತು ಎಂಬುದನ್ನು ಸಭೆಯಲ್ಲಿ ನಾವು ಬೇಗ ದಾಟಿಬಿಡುತ್ತೇವೆ. ಅಂದು ಶಿಷ್ಯರಿಗೆ ಮುಂದೇನೆಂದು ಗೊತ್ತಿರಲಿಲ್ಲ. ನಿಮ್ಮಲ್ಲಿ ಕೆಲವರ ಮನೆ ಈಗ ಆ ಶನಿವಾರದಲ್ಲಿದೆ ಎಂದು ನನಗೆ ಗೊತ್ತು. ನಿಮ್ಮನ್ನು ಅವಸರಪಡಿಸುವ ಮಾತು ನನ್ನಲ್ಲಿಲ್ಲ. ಪ್ರತಿದಿನ ನಿಮ್ಮ ಹೆಸರು ಹಿಡಿದು ಪ್ರಾರ್ಥಿಸುತ್ತೇನೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಪ್ರತಿದಿನ ತನ್ನ ಶಿಲುಬೆಯನ್ನು ಹೊತ್ತುಕೊಂಡು ನನ್ನ ಹಿಂದೆ ಬರಲಿ ಎಂದು ಯೇಸು ಹೇಳಿದ್ದುಂಟು. ಆ "ಪ್ರತಿದಿನ" ಎಂಬ ಪದವನ್ನು ಬರೆದಿಟ್ಟವನು ಸುವಾರ್ತೆ ಬರೆದ ನಾಲ್ವರಲ್ಲಿ ಲೂಕನೊಬ್ಬನೇ. ಈ ಮಾತನ್ನು ಹೊಡೆತ ತಿನ್ನುತ್ತಿರುವ ಹೆಂಗಸಿಗೆ, ಹೆದರಿ ಬದುಕುತ್ತಿರುವ ಮಗುವಿಗೆ ಹೇಳಿ ಸುಮ್ಮನಿರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದು ನಿನ್ನ ಶಿಲುಬೆ, ಸಹಿಸಿಕೋ ಎನ್ನುತ್ತಾರೆ. ಅದು ಶಿಲುಬೆಯ ಹೆಸರಿನಲ್ಲಿ ಮಾಡುವ ಅನ್ಯಾಯ. ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎಂದನು ಯೇಸು. ಶಿಲುಬೆಯನ್ನು ಪ್ರೀತಿಯಿಂದ ತಾನಾಗಿ ಎತ್ತಿಕೊಳ್ಳಬೇಕು. ಇನ್ನೊಬ್ಬರ ಹೆಗಲಿಗೆ ಹೇರಿ, ಹೊರು ಎನ್ನುವವರು ಆ ಕಥೆಯಲ್ಲಿ ರೋಮನ್ ಸಿಪಾಯಿಗಳು. ಯಾವ ಮನೆಯಲ್ಲಾದರೂ ಯಾರಿಗಾದರೂ ಹೊಡೆತ ಬೀಳುತ್ತಿದ್ದರೆ ನನ್ನ ಕೋಣೆಯ ಬಾಗಿಲು ತೆರೆದಿದೆ. ಹೇಳಿಕೊಳ್ಳುವುದು ನಂಬಿಕೆಯ ಕೊರತೆಯಲ್ಲ.

ಆ ಸಿಪಾಯಿಗಳು ಬಲವಂತವಾಗಿ ಯೇಸುವಿನ ಶಿಲುಬೆ ಹೊರಿಸಿದ್ದು ಕುರೇನೆಯ ಸೀಮೋನನಿಗೆ. ಹೊಲದ ಕಡೆಯಿಂದ ಬರುತ್ತಿದ್ದ ದಾರಿಹೋಕ. ಮಾರ್ಕನು ಅವನ ಬಗ್ಗೆ ಹೇಳುವುದು ಒಂದೇ ವಾಕ್ಯ, ಆದರೆ ಅದರಲ್ಲಿ ಬೇರೆ ಸುವಾರ್ತೆಗಳಲ್ಲಿ ಇಲ್ಲದ ಒಂದು ವಿಷಯವಿದೆ: ಅವನು ಅಲೆಕ್ಸಾಂದ್ರ ಮತ್ತು ರೂಫ ಎಂಬವರ ತಂದೆ. ಮಾರ್ಕನ ಓದುಗರಿಗೆ ಆ ಮಕ್ಕಳು ಪರಿಚಿತರಾಗಿರಬೇಕು, ಇಲ್ಲದಿದ್ದರೆ ಹೆಸರು ಹೇಳುವ ಅಗತ್ಯವಿರಲಿಲ್ಲ. ಇನ್ನೊಬ್ಬರ ಭಾರ ಹೊತ್ತು ಬಂದ ಅಪ್ಪ ಆ ರಾತ್ರಿ ಮನೆಯಲ್ಲಿ ಏನು ಹೇಳಿದನೋ, ಹೆಗಲಿನ ತರಚುಗಾಯವನ್ನು ಮಕ್ಕಳು ಹೇಗೆ ನೋಡಿದರೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಕಾಯಿಲೆ ಬಿದ್ದ ನೆರೆಯವರಿಗೆ ನೀವು ಔಷಧಿ ತಂದುಕೊಡುವುದನ್ನು, ಜಗಳದ ಮರುದಿನ ಮೊದಲು ಮಾತಾಡಿಸುವವರು ನೀವೇ ಆಗುವುದನ್ನು ನಿಮ್ಮ ಮಕ್ಕಳು ನೋಡುತ್ತಾರೆ. ನನ್ನ ನೀತಿಪಾಠಕ್ಕಿಂತ ಅದು ಎಷ್ಟೋ ಆಳಕ್ಕೆ ಇಳಿಯುತ್ತದೆ.

ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಹದಿನೈದನೆಯ ಅಧ್ಯಾಯ ಪೂರ್ತಿ ಪುನರುತ್ಥಾನದ್ದು, 58 ವಚನಗಳು. ಕೊನೆಯ ತುತ್ತೂರಿ, ಮರಣವೇ ನಿನ್ನ ಕೊಂಡಿ ಎಲ್ಲಿ ಎಂಬ ಸವಾಲು, ಎಲ್ಲ ಅದರಲ್ಲಿದೆ. ಅಷ್ಟು ಎತ್ತರಕ್ಕೆ ಏರಿದವನು ಅಧ್ಯಾಯವನ್ನು ಮುಗಿಸುವುದು ಮಾತ್ರ ನೆಲದ ಮೇಲೆ: ಕರ್ತನಲ್ಲಿ ನೀವು ಪಡುವ ಪ್ರಯಾಸ ವ್ಯರ್ಥವಲ್ಲ. ಮರುವಾಕ್ಯವೇ ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಸಂಗ್ರಹಿಸುವ ವಿಷಯ. ವಾರದ ಮೊದಲನೆಯ ದಿನ ಪ್ರತಿಯೊಬ್ಬರೂ ಒಂದಿಷ್ಟು ತೆಗೆದಿಡಿ ಎನ್ನುತ್ತಾನೆ. ಸಾವು ಸೋತಿದೆ, ಆದ್ದರಿಂದ ಹಣ ಎತ್ತಿಡಿ! ಯುವ ಶಿಕ್ಷಕಿಯಾಗಿದ್ದಾಗ ಇದು ನನಗೆ ಅಸಂಗತವಾಗಿ ಕಂಡಿತ್ತು. ಈಗ ಪೌಲನಷ್ಟು ಸರಿಯಾಗಿ ಯಾರೂ ಜೋಡಿಸಿಲ್ಲ ಅನ್ನಿಸುತ್ತದೆ. ಎಲ್ಲವೂ ಸಮಾಧಿಯಲ್ಲಿ ಮುಗಿಯುವುದಾದರೆ ಬಲಹೀನ ಮಗುವಿಗೆ ನೂರನೆಯ ಸಲ ಗುಣಾಕಾರ ಹೇಳಿಕೊಡುವುದರಲ್ಲಿ ಅರ್ಥವಿಲ್ಲ. ಮುಗಿಯುವುದಿಲ್ಲವಾದ್ದರಿಂದ ಅದು ವ್ಯರ್ಥವಲ್ಲ, ನೀವು ರಾತ್ರಿ ಜ್ವರದ ಮಗುವಿನ ಪಕ್ಕ ಕೂತದ್ದೂ ವ್ಯರ್ಥವಲ್ಲ.

ನಮ್ಮ ಶಾಲೆಯಲ್ಲಿ ಬೇರೆ ನಂಬಿಕೆಯ ಕುಟುಂಬಗಳೂ ಇವೆ. ಈ ಪತ್ರ ನಿಮ್ಮನ್ನು ಒಲಿಸಲು ಬರೆದದ್ದಲ್ಲ. ನಿಮ್ಮ ಮಕ್ಕಳನ್ನು ನಮ್ಮ ಕೈಗೆ ಒಪ್ಪಿಸಿದ್ದೀರಿ; ನಾವು ಯಾವುದರ ಆಧಾರದ ಮೇಲೆ ಅವರನ್ನು ತಿದ್ದುತ್ತೇವೆ, ನಮ್ಮನ್ನು ಯಾವುದರಿಂದ ಅಳೆಯಬೇಕು ಎಂದು ತಿಳಿಯುವ ಹಕ್ಕು ನಿಮಗಿದೆ. ನಾವು ಹಾಗೆ ನಡೆಯದಿದ್ದಾಗ ಬಂದು ಕೇಳಿ.

ಇನ್ನು ಮೇಲೆ ಯಾವ ಮಗುವಿನ ತಪ್ಪನ್ನೂ ಪ್ರಾರ್ಥನಾ ಸಭೆಯಲ್ಲಿ ಹೇಳುವುದಿಲ್ಲ ಎಂದು ಶಿಕ್ಷಕರೆಲ್ಲರೂ ಸೇರಿ ತೀರ್ಮಾನಿಸಿದ್ದೇವೆ. ತಪ್ಪಾದರೆ ಮಗುವನ್ನು ಒಬ್ಬಂಟಿಯಾಗಿ ಕೂರಿಸಿಕೊಂಡು ಮಾತಾಡುತ್ತೇವೆ, ಹಾಳಾದದ್ದನ್ನು ಸರಿಪಡಿಸಲು ಅವರಿಗೇ ಒಂದು ಕೆಲಸ ಕೊಡುತ್ತೇವೆ, ನಿಮಗೂ ತಿಳಿಸುತ್ತೇವೆ.

ಶುಕ್ರವಾರ ಅಂಕಪಟ್ಟಿ ಬಂದಾಗ ನಿಮ್ಮಲ್ಲಿ ಒಂದು ಬೇಡಿಕೆ. ಕೆಲವು ಮಕ್ಕಳು ಅದನ್ನು ಚೀಲದ ತಳದಲ್ಲಿಟ್ಟು ತರುತ್ತಾರೆ. ಕೇಳುವ ಮೊದಲು ಅವರಿಗೆ ಊಟ ಬಡಿಸಿ. ಊಟವಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಒಟ್ಟಿಗೆ ತೆರೆದು ನೋಡಿ. ಅಂಕ ಕಡಿಮೆ ಇದ್ದರೆ ಕಡಿಮೆ ಇದೆ ಎಂದೇ ಹೇಳಿ. ಸಹಿಯನ್ನು ಅವರ ಕಣ್ಣೆದುರೇ ಹಾಕಿ. ಸೋಮವಾರ ತಲುಪದಿದ್ದರೆ ಮಂಗಳವಾರವಾದರೂ ಸರಿ.

ಕ್ರಿಸ್ತನ ಸೇವೆಯಲ್ಲಿ,
ನಿಮ್ಮ ಮಕ್ಕಳ ಮುಖ್ಯೋಪಾಧ್ಯಾಯಿನಿ