ಬಾಂಬರ್ ಹುಡುಗರು ಕಲಿತ ಬಯಲಿಗೆ ಒಂದು ಬೋರ್ಡ್ ಹಾಕಿಸಿ

ಕೆನಡಾದ ಮಾಜಿ ಸೈನಿಕರ ಖಾತೆಯ ಸಚಿವರಿಗೆ,

ನಮಸ್ಕಾರ. ನಾನು ಸಾಸ್ಕಾಚೆವಾನ್‌ನ ರಿಜೈನಾದಲ್ಲಿ ನೆಲೆಸಿರುವ ಕನ್ನಡಿಗ. ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಇದು ನಮ್ಮವರೂ ಓದಲಿ ಅಂತ ಬರೆದದ್ದು.

ಹೋದ ತಿಂಗಳು 6ನೇ ನಂಬರಿನ ಹೆದ್ದಾರಿ ಹಿಡಿದು ಡೇಫೋ ಕಡೆ ಹೋಗಿದ್ದೆ. ಎಲ್ಲಿ ನೋಡಿದರೂ ಹೊಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ, ಅಲ್ಲಿ 5ನೇ ನಂಬರಿನ ಬಾಂಬಿಂಗ್ ಮತ್ತು ಗನ್ನರಿ ಶಾಲೆ ಇತ್ತು. ವಿಮಾನದಿಂದ ಬಾಂಬ್ ಬೀಳಿಸುವುದು, ಗುಂಡು ಹೊಡೆಯುವುದು ಕಲಿಸುವ ಶಾಲೆ. ಪಕ್ಕದ ಕ್ವಿಲ್ ಸರೋವರವೇ ಗುರಿ. ಹುಡುಗರು ಆನ್ಸನ್ ವಿಮಾನದ ಮೂತಿಯಲ್ಲಿ ಹೊಟ್ಟೆ ಮೇಲೆ ಮಲಗಿ, ಹನ್ನೊಂದೂವರೆ ಪೌಂಡಿನ ಅಭ್ಯಾಸದ ಬಾಂಬ್ ಬೀಳಿಸುತ್ತಿದ್ದರು. ಅದು ಬಿದ್ದ ಕಡೆ ಹಗಲಲ್ಲಿ ಹೊಗೆ, ರಾತ್ರಿ ಮಿಂಚು. ದಡದ ಗುಡಿಸಲುಗಳಲ್ಲಿ ಕೂತವರು ಬೇರೆ ಬೇರೆ ಕಡೆಯಿಂದ ಕೋನ ಅಳೆದು, ಎಷ್ಟು ಗಜ ತಪ್ಪಿತು ಅಂತ ಲೆಕ್ಕ ಹಾಕುತ್ತಿದ್ದರು. ಗನ್ನರ್‌ಗಳದ್ದು ಬೇರೆ ಪಾಠ. ಇನ್ನೊಂದು ವಿಮಾನ ಹಗ್ಗ ಕಟ್ಟಿ ಎಳೆಯುವ ಬಟ್ಟೆಯ ಚೀಲಕ್ಕೆ ಗುಂಡು ಹೊಡೆಯಬೇಕು. ಒಬ್ಬೊಬ್ಬನ ಗುಂಡಿನ ತುದಿಗೂ ಒಂದೊಂದು ಬಣ್ಣ ಹಚ್ಚಿರುತ್ತಿತ್ತು. ಕೆಳಗಿಳಿದ ಮೇಲೆ ಚೀಲದ ತೂತುಗಳ ಅಂಚು ನೋಡಿದರೆ ಯಾರದು ತಾಗಿತು ಅಂತ ಗೊತ್ತಾಗುತ್ತಿತ್ತು. ಹಳೆಯ ಆನ್ಸನ್‌ನಲ್ಲಿ ಚಕ್ರ ಮೇಲೆತ್ತಲು ಕೈಯಿಂದಲೇ ನೂರಕ್ಕೂ ಜಾಸ್ತಿ ಸುತ್ತು ತಿರುಗಿಸಬೇಕಿತ್ತು. ಆ ಕೆಲಸ ಯಾರ ಪಾಲಿಗೆ? ಕಲಿಯೋ ಹುಡುಗನ ಪಾಲಿಗೇ, ಮತ್ತೆ!

ಬ್ರಿಟನ್ನಿನ ಆಕಾಶದಲ್ಲಿ ಶತ್ರುವಿನ ಕಾಟ, ಮೋಡದ ಕಾಟ. ಅದಕ್ಕೇ ಕೆನಡಾದಲ್ಲಿ ತರಬೇತಿ ಕೊಡಲು 1939ರ ಡಿಸೆಂಬರ್ 17ರಂದು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ನಾಲ್ಕು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಯುದ್ಧ ಮುಗಿಯುವಷ್ಟರಲ್ಲಿ 1,31,000ಕ್ಕೂ ಹೆಚ್ಚು ಪೈಲಟ್‌ಗಳು, ನ್ಯಾವಿಗೇಟರ್‌ಗಳು, ಬಾಂಬ್ ಏಮರ್‌ಗಳು, ವೈರ್‌ಲೆಸ್‌ನವರು, ಗನ್ನರ್‌ಗಳು ಕೆನಡಾದಲ್ಲಿ ಕಲಿತು ಹೊರಟರು. ಬ್ರಿಟನ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್ ಕಳೆದುಕೊಂಡದ್ದು 55,000ಕ್ಕೂ ಹೆಚ್ಚು ಜನರನ್ನು. ಅವರಲ್ಲಿ ಸುಮಾರು 10,000 ಮಂದಿ ಕೆನಡಾದವರು. ಅವರ ಬಾಂಬ್‌ಗಳ ಕೆಳಗೆ ಜರ್ಮನಿಯ ಊರುಗಳಲ್ಲಿ ಸತ್ತವರನ್ನೂ ನಾನು ಮರೆತಿಲ್ಲ. ಇಲ್ಲಿ ಹೊಗಳಿಕೆಯ ಮಾತು ಬರೆಯಲು ನನಗೆ ಮನಸ್ಸಿಲ್ಲ.

ನಾನು ಕೇಳುವುದು ಯುದ್ಧಭೂಮಿಯನ್ನೇ ನೋಡದವರ ಬಗ್ಗೆ. ತರಬೇತಿಯಲ್ಲೇ 800ಕ್ಕೂ ಹೆಚ್ಚು ಮಂದಿ ಸತ್ತರು. ಕೆಲವು ಕಡೆ ಊರವರೇ ದುಡ್ಡು ಹಾಕಿ ಕಲ್ಲು ನಿಲ್ಲಿಸಿದ್ದಾರೆ. ಮ್ಯಾನಿಟೋಬಾದ ಬ್ರ್ಯಾಂಡನ್‌ನಲ್ಲಿ ಈ ತರಬೇತಿಯ ಬಗ್ಗೆ ಒಳ್ಳೆಯ ಮ್ಯೂಸಿಯಂ ಇದೆ, ಸರಿ. ಆದರೆ ಹುಡುಗ ಬಿದ್ದದ್ದು ಬ್ರ್ಯಾಂಡನ್‌ನಲ್ಲಲ್ಲ ಅಲ್ವಾ? ಡೇಫೋ, ಮಾಸ್‌ಬ್ಯಾಂಕ್, ಪೌಲ್ಸನ್, ಫಿಂಗಲ್, ಜಾರ್ವಿಸ್, ಹೀಗೆ ಪ್ರತಿ ಬಾಂಬಿಂಗ್ ಶಾಲೆ ಇದ್ದ ಜಾಗದಲ್ಲೂ ಸರ್ಕಾರ ರಸ್ತೆ ಬದಿಗೆ ಒಂದು ಬೋರ್ಡ್ ಹಾಕಲಿ. ಅಲ್ಲಿ ಏನು ಕಲಿಸುತ್ತಿದ್ದರು, ಯಾರು ಸತ್ತರು, ಯಾವ ಊರಿನವರು ಅಂತ ಬರೆಯಲಿ. ದೊಡ್ಡ ಖರ್ಚೇನೂ ಅಲ್ಲ. ಯುದ್ಧ ಮುಗಿದ ಮೇಲೆ ಆನ್ಸನ್‌ಗಳನ್ನು ಗುಜರಿ ಬೆಲೆಗೆ ರೈತರಿಗೆ ಮಾರಿದಿರಿ. ಅವುಗಳ ಚಕ್ರ ಗಾಡಿಗಳಿಗೆ ಬಂತು. ಹೆಸರುಗಳೂ ಹಾಗೇ ಚೆದುರಿ ಹೋಗಬಾರದು.

ಇನ್ನು, ಕನ್ನಡಿಗನಾದ ನನಗೇಕೆ ಈ ಉಸಾಬರಿ? ಬ್ರಿಟಿಷ್ ಕೊಲಂಬಿಯಾದ ಬೌಂಡರಿ ಬೇಯಲ್ಲಿ ಲಿಬರೇಟರ್ ಬಾಂಬರ್ ಕಲಿತ ತಂಡಗಳು ಏಷ್ಯಾದ ಯುದ್ಧಕ್ಕೆ ಹೊರಟವು. ಬ್ರಿಟಿಷರು ಭಾರತದಲ್ಲಿ ಬಿಟ್ಟುಹೋದ ಮುರುಕಲು ಲಿಬರೇಟರ್‌ಗಳನ್ನು ಮತ್ತೆ ಹಾರುವಂತೆ ಮಾಡಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್. ಒಟ್ಟಾವಾ ನಗರದ ಮ್ಯೂಸಿಯಂನಲ್ಲಿ ನೀವು ಇಟ್ಟುಕೊಂಡಿರುವ ಲಿಬರೇಟರ್ ಭಾರತೀಯ ವಾಯುಪಡೆಯಿಂದಲೇ ಬಂದದ್ದು.

ಡೇಫೋದಿಂದ ಶುರು ಮಾಡಿ. ನೆಲ ಹೆಪ್ಪುಗಟ್ಟುವ ಮೊದಲು ಕಂಬ ನೆಡಬೇಕು, ಆಮೇಲೆ ಗುಂಡಿ ತೋಡಲು ಆಗುವುದಿಲ್ಲ.

ಇಂತಿ,
ರಿಜೈನಾದ ಒಬ್ಬ ಕನ್ನಡಿಗ