ವೃದ್ಧಾಶ್ರಮಕ್ಕೆ ರಾತ್ರಿ ಹತ್ತರ ಮೇಲೆ ಹೋಗಿ ನೋಡಿ

ಮಾನ್ಯ ಸಂಪಾದಕರೇ,

ವೃದ್ಧಾಶ್ರಮಗಳ ಜಾಹೀರಾತುಗಳಲ್ಲಿ ಹೂದೋಟ, ದೇವರಮನೆ, ಸಾತ್ವಿಕ ಊಟ, ಲಿಫ್ಟ್, ಟಿವಿ ಹಾಲ್ ಎಲ್ಲದರ ವಿವರವೂ ಇರುತ್ತದೆ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಎಚ್ಚರವಾಗಿರುತ್ತಾರೆ ಎಂಬುದು ಮಾತ್ರ ಕಾಣುವುದಿಲ್ಲ. ಓಡಾಡಿಕೊಂಡಿರುವ ಹಿರಿಯರಿಗೆ ಇದು ದೊಡ್ಡ ವಿಷಯವಲ್ಲದಿರಬಹುದು. ಹಾಸಿಗೆ ಹಿಡಿದವರಿಗೆ, ಮರೆವಿನ ಕಾಯಿಲೆ ಇರುವವರಿಗೆ ಆರೈಕೆಯ ಗುಣಮಟ್ಟವೆಂದರೆ ಮುಖ್ಯವಾಗಿ ಇದೇ.

ಒಂದು ಸರಳ ಲೆಕ್ಕ ಹಾಕೋಣ. ತಾವಾಗಿ ಹೊರಳಲಾಗದವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಅಂಥವರು 6 ಮಂದಿ ಇದ್ದರೆ 12 ಗಂಟೆಯ ರಾತ್ರಿ ಪಾಳಿಯಲ್ಲಿ 36 ಸಲ ಈ ಕೆಲಸ ಮಾಡಬೇಕಾಗುತ್ತದೆ. ಒದ್ದೆ ಡೈಪರ್ ತೆಗೆದು, ಒರೆಸಿ ಒಣಗಿಸಿ, ಚರ್ಮ ಪರೀಕ್ಷಿಸಿ, ದಿಂಬು ಇಟ್ಟು ಮಲಗಿಸಲು ಒಬ್ಬರಿಗೆ 10 ನಿಮಿಷ ಹಿಡಿದರೂ ಒಟ್ಟು 6 ಗಂಟೆ ಆಯಿತು. ಇದಕ್ಕೆ ಇಬ್ಬರು ಬೇಕು. ಒಬ್ಬರೇ ತೋಳು ಹಿಡಿದು ಎಳೆದರೆ ಮೇಲಿನ ಚರ್ಮ ಹಾಸಿಗೆಗೆ ಅಂಟಿಕೊಂಡು ಒಳಗಿನ ಮಾಂಸ ಜಗ್ಗುತ್ತದೆ, ಹುಣ್ಣು ಅಲ್ಲಿಂದಲೇ ಶುರುವಾಗುತ್ತದೆ. ಅಂದರೆ ಇಬ್ಬರ ಅರ್ಧ ರಾತ್ರಿ ಈ ಆರು ಮಂದಿಗೇ ಮೀಸಲು. ಶೌಚಕ್ಕೆ ಏಳುವವರು, ಗಂಟೆ ಒತ್ತುವವರು, ಬಾಗಿಲು ತೆಗೆದು ಹೊರಟು ನಿಲ್ಲುವವರು ಇದರ ಹೊರಗೆ. ಮೂವತ್ತು ಮಂದಿಯ ಆಶ್ರಮದಲ್ಲಿ ಒಬ್ಬ ಆಯಾ, ಗೇಟಿನಲ್ಲಿ ಒಬ್ಬ ಕಾವಲುಗಾರ ಇದ್ದರೆ ಈ ಕೆಲಸ ಆಗುವುದೇ ಇಲ್ಲ. ಆ ಆಯಾ ಎಷ್ಟೇ ಒಳ್ಳೆಯವರಾಗಿರಲಿ, ಆಗುವುದಿಲ್ಲ.

ಆಗ ಏನು ನಡೆಯುತ್ತದೆ? ಸಂಜೆ ಐದರ ನಂತರ ನೀರು ಕೊಡುವುದು ಕಡಿಮೆಯಾಗುತ್ತದೆ. ಒಂದರ ಮೇಲೊಂದು ಎರಡು ಡೈಪರ್ ಹಾಕುತ್ತಾರೆ. ರಾತ್ರಿ ಕೂಗಾಡುವವರಿಗೆ ನಿದ್ದೆ ಮಾತ್ರೆ ಬರುತ್ತದೆ. ಮಂಚದಿಂದ ಇಳಿಯುವವರ ಕೈಯನ್ನು ದುಪಟ್ಟಾದಿಂದ ಕಟ್ಟುತ್ತಾರೆ. ಇವುಗಳನ್ನು ಬೇರೆ ಬೇರೆ ತಪ್ಪುಗಳೆಂದು ನೋಡಿದರೆ ಪರಿಹಾರ ಸಿಗದು, ಎಲ್ಲದರ ಬೇರು ಕೈಗಳ ಕೊರತೆಯಲ್ಲಿದೆ.

ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ, ಅವರಾಗಿ ನೀರು ಕೇಳುವುದೂ ಇಲ್ಲ. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಸೋಂಕು. ವೃದ್ಧರಲ್ಲಿ ಈ ಸೋಂಕಿಗೆ ಜ್ವರವೇ ಬರಬೇಕೆಂದಿಲ್ಲ. ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದವರು ಇಂದು ಏನೇನೋ ಹೇಳುತ್ತಾರೆ, ಇಲ್ಲವೇ ಮಂಕಾಗಿ ಬಿದ್ದಿರುತ್ತಾರೆ. ಅದನ್ನು ಅರಳುಮರಳು ಎಂದುಕೊಂಡು ನಿದ್ದೆ ಮಾತ್ರೆ ಕೊಟ್ಟರೆ ಸೋಂಕು ಒಳಗೇ ಬೆಳೆಯುತ್ತದೆ. ಮಾತ್ರೆಯ ಮಂಪರಿನಲ್ಲಿ ನಸುಕಿಗೆ ಶೌಚಕ್ಕೆ ಎದ್ದವರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಮಾನಸಿಕ ಗೊಂದಲ ಒಂದೆರಡು ದಿನದಲ್ಲಿ ಹಠಾತ್ತನೆ ಬಂದಿದ್ದರೆ ವಯಸ್ಸಿನ ಮೇಲೆ ಹಾಕಬೇಡಿ. ಮೊದಲು ಸೋಂಕು, ಸಕ್ಕರೆ ಮಟ್ಟ, ಮಲಬದ್ಧತೆ, ಹೊಸದಾಗಿ ಸೇರಿಸಿದ ಮಾತ್ರೆ ಇವನ್ನು ವೈದ್ಯರಿಂದ ನೋಡಿಸಿ.

ಹಾಸಿಗೆ ಹುಣ್ಣಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಏರ್‌ಬೆಡ್ ಹಾಕಿದ್ದೇವೆ, ಇನ್ನು ಚಿಂತೆಯಿಲ್ಲ ಎನ್ನುತ್ತಾರೆ. ಏರ್‌ಬೆಡ್ ಒತ್ತಡ ತಗ್ಗಿಸುತ್ತದೆ ನಿಜ, ಆದರೆ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಪಂಪಿನಲ್ಲಿ ಗಾಳಿಯ ಒತ್ತಡದ ಗುಂಡಿಯನ್ನು ತಿರುಗಿಸಿ ರೋಗಿಯ ತೂಕಕ್ಕೆ ಹೊಂದಿಸಿರಬೇಕು. ಕರೆಂಟ್ ಹೋಗಿ ಪಂಪ್ ನಿಂತರೆ ಹಾಸಿಗೆಯ ಗಾಳಿ ಇಳಿಯುತ್ತಾ ಹೋಗುತ್ತದೆ, ಆದ್ದರಿಂದ ಪಂಪಿಗೆ ಯುಪಿಎಸ್ ಸಂಪರ್ಕ ಇದೆಯೇ ಕೇಳಿ. ಮಗ್ಗುಲಾಗಿಸುವಾಗ ಪೂರ್ತಿ ಸೊಂಟದ ಮೂಳೆಯ ಮೇಲೆ ಭಾರ ಬೀಳುವಂತೆ ಮಲಗಿಸಬಾರದು. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿಸಿದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಬೇಕು. ಬಳೆಯಂಥ ರಬ್ಬರ್ ಟ್ಯೂಬಿನ ಮೇಲೆ ಕೂರಿಸುವುದು ಬೇಡ, ಸುತ್ತಲಿನ ರಕ್ತಸಂಚಾರಕ್ಕೇ ಅದು ಅಡ್ಡಿ. ಕೆಂಪಾದ ಜಾಗಕ್ಕೆ ಸ್ಪಿರಿಟ್ ಹಚ್ಚಿ ಉಜ್ಜುವ ಹಳೆಯ ಅಭ್ಯಾಸವನ್ನೂ ಬಿಡಬೇಕು. ನಮ್ಮ ಮೈಬಣ್ಣದಲ್ಲಿ ಕೆಂಪು ಬೇಗ ಕಾಣುವುದಿಲ್ಲ. ಬಾಲದ ಮೂಳೆ, ಸೊಂಟದ ಬದಿ, ಹಿಮ್ಮಡಿಗಳನ್ನು ಮುಟ್ಟಿ ನೋಡಿ: ಪಕ್ಕದ ಚರ್ಮಕ್ಕಿಂತ ಬಿಸಿಯಾಗಿದ್ದರೆ, ಗಟ್ಟಿಯಾಗಿದ್ದರೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಿರಿ.

ಊಟದ ಹೊತ್ತನ್ನೂ ಸಿಬ್ಬಂದಿಯ ಅನುಕೂಲವೇ ನಿರ್ಧರಿಸುತ್ತದೆ. ಸಂಜೆ ಆರೂವರೆಗೆ ಊಟ ಮುಗಿಸಿ ಬೆಳಗ್ಗೆ ಎಂಟೂವರೆಗೆ ತಿಂಡಿ ಕೊಟ್ಟರೆ ನಡುವೆ 14 ಗಂಟೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ನಡುರಾತ್ರಿ ರಕ್ತದ ಸಕ್ಕರೆ 70 mg/dLಗಿಂತ ಕೆಳಗಿಳಿಯುವ ಅಪಾಯವಿದೆ. ಬೆವರಿ ತಣ್ಣಗಾದವರನ್ನು ನೋಡಿ ಗ್ಲುಕೋಮೀಟರ್ ಹಿಡಿಯಲು ಬರುವ ಒಬ್ಬರಾದರೂ ಎಚ್ಚರವಿರಬೇಕು. ಪ್ರಜ್ಞೆ ಮಸುಕಾಗಿದ್ದರೆ ಬಾಯಿಗೆ ಏನನ್ನೂ ಸುರಿಯಬಾರದು, ಆಂಬ್ಯುಲೆನ್ಸ್ ಕರೆಸಬೇಕು. ರಾತ್ರಿ ಒಂಬತ್ತಕ್ಕೆ ಒಂದು ಲೋಟ ಹಾಲು ಅಥವಾ ರಾಗಿ ಗಂಜಿ ಕೊಡಲು ಖರ್ಚೇನೂ ಹೆಚ್ಚಿಲ್ಲ, ಕೊಡುವ ಕೈ ಬೇಕು ಅಷ್ಟೆ. ನುಂಗಲು ಕಷ್ಟವಿರುವವರಿಗೆ ಮಲಗಿಸಿಕೊಂಡೇ ಉಣಿಸುವುದು ಪ್ರಾಣಕ್ಕೆ ಅಪಾಯ. ನೆಟ್ಟಗೆ ಕೂರಿಸಿ, ಉಂಡ ಮೇಲೂ ಅರ್ಧ ಗಂಟೆ ಕೂರಿಸಬೇಕು.

ಸೇರಿಸುವ ಮುನ್ನ ಕುಟುಂಬದವರು ಕೋಣೆ ನೋಡಿದಷ್ಟೇ ಗಮನವಿಟ್ಟು ದಾಖಲೆ ನೋಡಲಿ. ಮಗ್ಗುಲು ಬದಲಿಸಿದ ಚಾರ್ಟ್ ಕೇಳಿ. 10, 12, 2, 4 ಎಂದು ನಿಮಿಷ ತಪ್ಪದೆ, ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ವಾರಪೂರ್ತಿ ತುಂಬಿದ್ದರೆ ಅದು ಬೆಳಗ್ಗೆ ಕೂತು ಬರೆದದ್ದು. ತಿಂಗಳ ತೂಕದ ಪುಸ್ತಕ ನೋಡಿ. 60 ಕೆ.ಜಿ. ಇದ್ದವರು ಒಂದು ತಿಂಗಳಲ್ಲಿ 3 ಕೆ.ಜಿ. ಇಳಿದಿದ್ದರೆ ವೈದ್ಯರಿಗೆ ತಿಳಿಸಿದ್ದಾರೆಯೇ? ಬಿದ್ದವರ ದಾಖಲೆಯಲ್ಲಿ ಬಿದ್ದ ವೇಳೆ ಬರೆದಿದೆಯೇ? ‘ಇಲ್ಲಿ ಯಾರೂ ಬಿದ್ದೇ ಇಲ್ಲ’ ಎನ್ನುವ ಆಶ್ರಮದಲ್ಲಿ ಬರೆದಿಡುವ ಅಭ್ಯಾಸವೇ ಇಲ್ಲದಿರುವ ಸಾಧ್ಯತೆ ಹೆಚ್ಚು. ತಿಂಗಳ ಶುಲ್ಕದಲ್ಲಿ ಚೌಕಾಸಿ ಮಾಡುವವರಿಗೂ ಒಂದು ಮಾತು: ಕಡಿಮೆ ಮಾಡಿಸಿಕೊಂಡ ಹಣ ಹೂದೋಟದಿಂದ ಕಡಿತವಾಗುವುದಿಲ್ಲ, ರಾತ್ರಿ ಪಾಳಿಯಿಂದ ಆಗುತ್ತದೆ. ಹಗಲು ದುಡಿದ ಆಯಾಗಳನ್ನೇ ರಾತ್ರಿಯೂ ಅಲ್ಲೇ ಮಲಗಿಸಿ ‘24 ಗಂಟೆ ಸೇವೆ’ ಎಂದು ಬರೆಯುವುದು ಆ ಹೆಣ್ಣುಮಕ್ಕಳಿಗೂ ಅನ್ಯಾಯ, ಹಿರಿಯರಿಗೂ ಅನ್ಯಾಯ.

ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ 2007ರಲ್ಲೇ ಬಂದಿದೆ. ಜಿಲ್ಲೆಗೊಂದರಂತೆ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ಆಶ್ರಮದಿಂದ ಆರಂಭಿಸುವ ಅವಕಾಶ ಅದರ 19ನೇ ಕಲಮಿನಲ್ಲಿದೆ. ಆಶ್ರಮಗಳು ಹೆಚ್ಚಲಿ. ಅದರೊಂದಿಗೆ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಎರಡು ಕೆಲಸ ಮಾಡಲಿ. ಪ್ರತಿ ಆಶ್ರಮದ ಬಾಗಿಲಲ್ಲಿ ಅಂದಿನ ರಾತ್ರಿ ಪಾಳಿಯವರ ಸಂಖ್ಯೆಯನ್ನೂ ಹಾಸಿಗೆ ಹಿಡಿದವರ ಸಂಖ್ಯೆಯನ್ನೂ ಬರೆಸಲಿ. ವರ್ಷಕ್ಕೊಮ್ಮೆಯಾದರೂ ತಪಾಸಣೆ ಮುನ್ಸೂಚನೆ ಇಲ್ಲದೆ, ರಾತ್ರಿ ಹತ್ತರ ಮೇಲೆ, ಒಬ್ಬ ನರ್ಸ್ ಜೊತೆಗಿದ್ದು ನಡೆಯಲಿ. ಹಿರಿಯರ ಸಹಾಯವಾಣಿ 14567 ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ. ಅದನ್ನು ದಿನಪೂರ್ತಿ ತೆರೆಯಬೇಕು. ಆಶ್ರಮದಲ್ಲಿರುವವರಿಗೆ ಆಫೀಸಿನವರನ್ನು ಕೇಳದೆ ಆ ಸಂಖ್ಯೆಗೆ ಕರೆ ಮಾಡಲು ಫೋನೂ ಸಿಗಬೇಕು.

— ವೃದ್ಧರ ಆರೈಕೆ ವೃತ್ತಿಯಲ್ಲಿರುವ ಶುಶ್ರೂಷಕಿಯರು, ಮೈಸೂರು
(ದಯವಿಟ್ಟು ಹೆಸರು ಪ್ರಕಟಿಸಬೇಡಿ)