ರೀಲಿನಿಂದ ಮಾಯವಾದ ಬಾಲ್

ಇವರಿಗೆ,
ವ್ಯವಸ್ಥಾಪಕರು,
ಫಿಲಂ ಸ್ಕ್ಯಾನಿಂಗ್ ವಿಭಾಗ, ಬೆಂಗಳೂರು

ವಿಷಯ: 6 ಸೂಪರ್ 8 (ಹಳೇ ಕಾಲದ ಸಣ್ಣ ಸಿನಿಮಾ ಕ್ಯಾಮೆರಾದ ಫಿಲಂ) ರೀಲುಗಳನ್ನು ಮತ್ತೆ ಸ್ಕ್ಯಾನ್ ಮಾಡಿಕೊಡುವ ಬಗ್ಗೆ

ಮಾನ್ಯರೇ,

ಅಪ್ಪ ತೆಗೆದ ಹಳೇ ಕ್ರಿಕೆಟ್ ರೀಲುಗಳನ್ನು ನೀವು ಸ್ಕ್ಯಾನ್ ಮಾಡಿ ತುಂಬಿಸಿದ ಹಾರ್ಡ್ ಡಿಸ್ಕನ್ನು ಹೋದ ಶನಿವಾರ ನಿಮ್ಮಲ್ಲಿಂದ ತಂದೆ. ಸಂಜೆ ಅಪ್ಪನನ್ನು ಟಿವಿ ಮುಂದೆ ಕೂರಿಸಿ ಹಾಕಿದೆ. ಕರ್ನಾಟಕದ ಸ್ಪಿನ್ನರ್ ಪ್ರಸನ್ನ ಬಂದು ಕೈ ತಿರುಗಿಸಿದರು. ಬ್ಯಾಟ್ಸ್‌ಮನ್ ಮುಂದೆ ಬಾಗಿ ತಡೆದರು. ಅಪ್ಪ ಕನ್ನಡಕ ತೆಗೆದು, ಪಂಚೆಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಕೇಳಿದರು: "ಬಾಲ್ ಎಲ್ಲೋ?"

ಬಾಲ್ ಇಲ್ಲ ಸ್ವಾಮಿ. ಬೌಲರ್ ಕೈಬಿಟ್ಟ ಮೇಲೆ ಎಲ್ಲೂ ಇಲ್ಲ.

ಇವು ಮನೆಯ ಮದುವೆ ರೀಲುಗಳಲ್ಲ ಅಂತ ಕೊಡುವಾಗಲೇ ಹೇಳಿದ್ದೆ. ಬಾಂಬೆ ತಂಡ 1958-59ರಿಂದ ಸತತ 15 ಸಲ ರಣಜಿ ಟ್ರೋಫಿ ಗೆದ್ದಿತ್ತು. 1974ರಲ್ಲಿ ಈಗಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಸೆಮಿಫೈನಲ್‌ನಲ್ಲಿ ನಮ್ಮ ಕರ್ನಾಟಕದವರು ಅವರನ್ನು ತಡೆದರು. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಕಪ್ ತಂದರು. ಆ ಸೆಮಿಫೈನಲ್‌ಗೆ ಅಪ್ಪ ತಮ್ಮ ಭಾವನ ಕ್ಯಾಮೆರಾ ಕೇಳಿ ತೆಗೆದುಕೊಂಡು ಹೋಗಿದ್ದರು. ನಾನು ಮಾಡುತ್ತಿರುವ ಸಾಕ್ಷ್ಯಚಿತ್ರ ನಿಂತಿರುವುದೇ ಆ ರೀಲುಗಳ ಮೇಲೆ.

ಬಾಲ್ ಎಲ್ಲಿ ಹೋಯ್ತು ಅಂತ ಎರಡು ರಾತ್ರಿ ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ನೀವು ಆಟೋಮ್ಯಾಟಿಕ್ ಡಸ್ಟ್ ಕ್ಲೀನಪ್ ಹಾಕಿ ಬಿಟ್ಟಿದ್ದೀರಿ. ಆ ಸಾಫ್ಟ್‌ವೇರ್ ಹಿಂದಿನ ಫ್ರೇಮು, ಮುಂದಿನ ಫ್ರೇಮು ಎರಡನ್ನೂ ನೋಡುತ್ತದೆ. ನಡುವಿನ ಒಂದರಲ್ಲಿ ಮಾತ್ರ ಒಂದು ಚುಕ್ಕೆ ಕಂಡರೆ ಅದು ಧೂಳು ಅಂದುಕೊಂಡು ಅಳಿಸುತ್ತದೆ. ಕಪ್ಪು-ಬಿಳುಪು ಫಿಲಂನಲ್ಲಿ ಕೆಂಪು ಬಾಲ್ ಕೂಡ ಒಂದು ಕಪ್ಪು ಚುಕ್ಕೆಯೇ ಅಲ್ವಾ? ಒಂದೊಂದು ಫ್ರೇಮಿಗೂ ಜಾಗ ಬದಲಿಸುತ್ತಿರುತ್ತದೆ. ಹಾಗಾಗಿ ಧೂಳಿನ ಜೊತೆ ಅದೂ ಹೋಯ್ತು. ಪ್ರಸನ್ನ ಅಂದರೆ ಫ್ಲೈಟ್. ಬಾಲನ್ನು ಗಾಳಿಯಲ್ಲಿ ತೇಲಿಬಿಟ್ಟು ಬ್ಯಾಟ್ಸ್‌ಮನ್‌ನನ್ನು ಆಸೆಗೆ ಎಳೆಯುತ್ತಿದ್ದವರು. ಅದನ್ನೇ ಒರೆಸಿಹಾಕಿ, "ಎಷ್ಟು ಕ್ಲೀನಾಗಿದೆ ನೋಡಿ ಸಾರ್" ಅಂತ ನಿಮ್ಮ ಕೌಂಟರ್ ಹುಡುಗ ಹೆಮ್ಮೆಯಿಂದ ಹೇಳಿದ. ಪಾಪ, ಅವನ ತಪ್ಪಲ್ಲ ಬಿಡಿ.

ಇನ್ನು ವೇಗ. ಒಂದು ರೀಲಿಗೆ 3,600 ಫ್ರೇಮು. ತೆಗೆದ ವೇಗದಲ್ಲೇ, ಅಂದರೆ ಸೆಕೆಂಡಿಗೆ 18ರಂತೆ ಓಡಿಸಿದರೆ ಆರೂ ಸೇರಿ ಸರಿಯಾಗಿ 20 ನಿಮಿಷ. ನಿಮ್ಮ ಫೈಲ್ ಇರುವುದು 14 ನಿಮಿಷ 24 ಸೆಕೆಂಡ್. ಸುಮ್ನೆ 25ಕ್ಕೆ ಓಡಿಸಿದ್ದೀರಿ. ಫೀಲ್ಡರ್‌ಗಳೆಲ್ಲ ಬಸ್ ತಪ್ಪಿಹೋಗುತ್ತೆ ಅನ್ನೋ ಹಾಗೆ ಓಡುತ್ತಾರೆ. ಚಿತ್ರವನ್ನು ಈಗಿನ ಟಿವಿಯ ಅಗಲಕ್ಕೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿದ್ದೀರಿ. ಸ್ಕೋರ್‌ಬೋರ್ಡ್ ಹೋಯ್ತು.

ಇನ್ನೊಂದು ಮಾತು. ನಾಲ್ಕನೇ ರೀಲಿನ ಡಬ್ಬ ತೆರೆದರೆ ಗೋಬಿ ಮಂಚೂರಿ ಗಾಡಿ ಪಕ್ಕ ನಿಂತ ಹಾಗೆ ವಿನಿಗರ್ ವಾಸನೆ ಬರುತ್ತದೆ. ಅಸಿಟೇಟ್ ಫಿಲಂ ಕೊಳೆಯುತ್ತಿರುವ ಗುರುತು ಅದು. ಆ ಆವಿ ತಾಗಿದರೆ ಪಕ್ಕದ ರೀಲೂ ಬೇಗ ಹಾಳಾಗುತ್ತದೆ. ಅದಕ್ಕೇ ಬೇರೆ ಡಬ್ಬದಲ್ಲಿ ಕೊಟ್ಟಿದ್ದೆ. ನೀವು ಆರನ್ನೂ ಒಂದೇ ಪ್ಲಾಸ್ಟಿಕ್ ಡಬ್ಬಕ್ಕೆ ತುಂಬಿ ವಾಪಸ್ ಕೊಟ್ಟಿದ್ದೀರಿ. ನನಗೆ ಜಾಸ್ತಿ ಸಿಟ್ಟು ಬಂದದ್ದು ಇಲ್ಲೇ. ಫೈಲ್ ಇನ್ನೊಮ್ಮೆ ಮಾಡಬಹುದು, ರೀಲು ಮಾಡಲಾಗುವುದಿಲ್ಲ.

ಆರೂ ರೀಲುಗಳನ್ನು ಮತ್ತೆ ಸ್ಕ್ಯಾನ್ ಮಾಡಿಕೊಡಿ. ಪೂರ್ತಿ ಫ್ರೇಮ್ ಬೇಕು, ಅಂಚಿನ ತೂತುಗಳೂ ಕಾಣಲಿ. ಕ್ಲೀನಪ್ ಬೇಡ, ಗೀರು ಇದ್ದರೆ ಇರಲಿ, ಎಡಿಟಿಂಗ್‌ನಲ್ಲಿ ನಾನೇ ಕೈಯಲ್ಲಿ ತೆಗೆದುಕೊಳ್ಳುತ್ತೇನೆ. ಕ್ಲೀನಪ್‌ಗೆ ಅಂತ ತೆಗೆದುಕೊಂಡ 9,000 ರೂಪಾಯಿ ವಾಪಸ್ ಬರಬೇಕು. 15 ದಿನ ಕಾಯುತ್ತೇನೆ. ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲು, ನಿಮ್ಮ ವಾಟ್ಸಾಪ್ ಮೆಸೇಜುಗಳು ಎಲ್ಲ ಇಟ್ಟುಕೊಂಡಿದ್ದೇನೆ.

ರೀಲುಗಳನ್ನು ಈ ಸಲ ಬಿಟ್ಟುಹೋಗುವುದಿಲ್ಲ. ಸ್ಕ್ಯಾನ್ ಮುಗಿಯುವ ತನಕ ಪಕ್ಕದಲ್ಲೇ ಕೂರುತ್ತೇನೆ. ಅಪ್ಪನೂ ಬರುತ್ತಾರಂತೆ. ಇನ್ನೊಂದು ಕುರ್ಚಿ ಹಾಕಿಸಿ.

ಇಂತಿ,
ನಿಮ್ಮ ಗ್ರಾಹಕ,
ಬಸವನಗುಡಿ, ಬೆಂಗಳೂರು